ಜಾಲಿಮುಳ್ಳಿನಲ್ಲಿ ಅಕ್ಕನ ಹಾಡು

ರಿಪೇರಿ ಯಜಮಾನರ ಎಡಗೈ ಹೆಬ್ಬೆರಳಿನ ಉಗುರಿನ ತುಂಬ ಗೀರುಗಳಿದ್ದವು. ಗ್ರಾಮಫೋನಿನ ಸೂಜಿ ಸವೆದಿದೆಯೋ ಇಲ್ಲವೋ ಎಂದು ಅವರು ಆ ಉಗುರಿನ ಮೇಲೆ ಎಳೆದು ನೋಡುತ್ತಿದ್ದರು. ಹೊಸದಾದರೆ ಜಾರುತ್ತದೆ, ಸವೆದದ್ದು ಕೆರೆಯುತ್ತದೆ. ದೇವರಾಜ ಮೊಹಲ್ಲಾದಲ್ಲಿ ಅವರದೊಂದು ಕಿಷ್ಕಿಂಧೆಯಂಥ ಅಂಗಡಿ. ಕರೆದರೆ ಮನೆಗೂ ಬರುತ್ತಿದ್ದರು. ಬಂದವರು ಮೊದಲು ಜಗಲಿಯ ಮೇಲೆ ಕೂತು "ಉಸ್ಸಪ್ಪಾ" ಎನ್ನಬೇಕು, ಆಮೇಲೆಯೇ ಮಾತು.

ಕೃಷ್ಣಮೂರ್ತಿಪುರಂನ ನಮ್ಮ ಮನೆಗೆ ಅವರನ್ನು ಕರೆಸಿದ್ದು ಅಮ್ಮ. ನಮ್ಮಕ್ಕ ಮದರಾಸಿಗೆ ಹೋಗಿ ಒಂದೇ ಒಂದು ಗ್ರಾಮಫೋನ್ ಪ್ಲೇಟು ಹಾಡಿ ಬಂದಿದ್ದಳು. ಮರುವರ್ಷ ಬಾಣಂತನದಲ್ಲಿ ತೀರಿಕೊಂಡಳು. ಆ ಪ್ಲೇಟಿನ ಇನ್ನೊಂದು ಪ್ರತಿ ಎಷ್ಟು ಹುಡುಕಿದರೂ ಸಿಗಲಿಲ್ಲ. ಸೊಂಟ ಮುರಿದು ಹಾಸಿಗೆ ಹಿಡಿದಿದ್ದ ಅಮ್ಮನಿಗೆ ದಿನಾ ಮಧ್ಯಾಹ್ನ ಅದನ್ನು ಕೇಳಲೇಬೇಕು, ಅದೂ ನಾಲ್ಕು ನಾಲ್ಕು ಸಲ. ಗಂಡನನ್ನು ಕಳೆದುಕೊಂಡು ತವರಿಗೆ ಬಂದಿದ್ದ ನಾನು ಊರವರ ರವಿಕೆ ಹೊಲಿಯುತ್ತ, ಅಮ್ಮನ ಬಟ್ಟೆ ಬದಲಿಸುತ್ತ, ನಡುನಡುವೆ ಎದ್ದು ಗ್ರಾಮಫೋನಿಗೆ ಕೀ ಕೊಡಬೇಕಿತ್ತು. ನಿಜ ಹೇಳುತ್ತೇನೆ, ಆ ಹಾಡು ಕೇಳಿದರೆ ನನಗೆ ಮೈ ಉರಿಯುತ್ತಿತ್ತು.

ಬರಬರುತ್ತ ಅಕ್ಕನ ದನಿ ಎಳೆದೆಳೆದು ಗಂಡಸಿನ ದನಿಯಾಗತೊಡಗಿತು. ಯಜಮಾನರು ಪೆಟ್ಟಿಗೆ ಬಿಚ್ಚಿ, ಸ್ಪ್ರಿಂಗಿಗೆ ಮೆತ್ತಿ ಒಣಗಿದ್ದ ಜಿಡ್ಡನ್ನು ಸೀಮೆಎಣ್ಣೆಯಲ್ಲಿ ತೊಳೆದು ಹೊಸ ಗ್ರೀಸು ಹಚ್ಚಿದರು. ಸೊಟ್ಟಗಾಗಿದ್ದ ಪ್ಲೇಟನ್ನು ಎರಡು ಗಾಜಿನ ನಡುವೆ ಇಟ್ಟು ಎಳೆಬಿಸಿಲಿಗೆ ಹಾಕಿದರು. ಅಕ್ಕನ ದನಿ ಮತ್ತೆ ಅಕ್ಕನದಾಯಿತು. ಆದರೆ ಹಿಂದೆ ಒಂದೇ ಸಮನೆ ಗರಗರ ಸದ್ದು. ಸೂಜಿ ಬಿಚ್ಚಿ ಉಗುರಿನ ಮೇಲೆ ಎಳೆದರು. ಬಿಳಿ ಗೀರು ಬಿತ್ತು.

"ಇದ ಯಾವಾಗ ಆಕಿದ್ದವ್ವ?"

ಪ್ಲೇಟಿನ ಒಂದು ಬದಿ ಮುಗಿದರೆ ಸೂಜಿ ಬದಲಿಸಬೇಕು ಎನ್ನುವುದು ನನಗೆ ಗೊತ್ತಿತ್ತು. ಹೊಸ ಸೂಜಿಗಳ ಡಬ್ಬಿ ಗ್ರಾಮಫೋನಿನ ಪಕ್ಕದಲ್ಲೇ ಇತ್ತು. ಆರು ತಿಂಗಳಿಂದ ಬೇಕೆಂದೇ ಬದಲಿಸಿರಲಿಲ್ಲ. ಪ್ಲೇಟು ಸವೆದು ಹೋಗಲಿ, ಈ ಕಾಟ ಮುಗಿಯಲಿ ಅಂತ. ಅವರು ತುಂಬಿದ ಡಬ್ಬಿ ನೋಡಿದರು, ನನ್ನ ಮುಖ ನೋಡಿದರು.

"ಏನಾಗಿದೆಯಂತೆ?" ಒಳಗಿಂದ ಅಮ್ಮ ಕೂಗಿದಳು.

"ಏನಿಲ್ಲ ಕಣ್ರಮ್ಮ, ಸೂಜಿ ಮಾಲೇ ಸರಿ ಇಲ್ಲ," ಎಂದರು. ಆಮೇಲೆ ನನಗೆ ಮಾತ್ರ ಕೇಳುವಂತೆ, "ಮೆಷಿನ್ನಾದ್ರೆ ಬಿಚ್ಚಿ ತೊಳೀಬೌದು. ಮನ್ಸ ದಣಿದ್ರೆ ವಸಿ ಮಲಗ್ಬೇಕು ಕಣವ್ವ. ಎಲ್ಲರ ಮನೇಲೂ ರೇಡಿಯೋ ಬಂತು, ಅಂಗಡೀಲಿ ನಾನು ನೊಣ ಹೊಡೀತಾ ಕೂತಿವ್ನಿ. ನಾಳೆಯಿಂದ ನಾನೇ ಬಂದು ಪ್ಲೇಟ್ ಆಕ್ತೀನಿ. ನೀವು ಮನೀಕಳಿ."

ಮರುದಿನ ಬೆಂಕಿಪೊಟ್ಟಣದ ತುಂಬ ಒಣಗಿದ ಜಾಲಿಮುಳ್ಳು ತಂದರು. ಸೂಜಿಯ ಜಾಗಕ್ಕೆ ಅದನ್ನೇ ಸಿಕ್ಕಿಸಿದರು. "ಉಕ್ಕು ಪ್ಲೇಟ ತಿಂತದೆ. ಮುಳ್ಳಾದ್ರೆ ತಾನೇ ಸವೀತದೆ." ಸದ್ದು ಸಣ್ಣದಾಯಿತೆಂದು ಪೆಟ್ಟಿಗೆಯನ್ನು ಅಮ್ಮನ ತಲೆದಿಂಬಿನ ಹತ್ತಿರಕ್ಕೆ ಸರಿಸಿದರು. ಪ್ರತಿ ಸಲವೂ ಅರ್ಧ ಬ್ಲೇಡಿನಲ್ಲಿ ಮುಳ್ಳಿನ ತುದಿ ಹೆರೆಯಬೇಕು. ಅಂದು ನಾನು ಪಕ್ಕದ ಕೋಣೆಯಲ್ಲಿ ದೀಪ ಹಚ್ಚುವ ಹೊತ್ತಿನವರೆಗೂ ನಿದ್ದೆ ಮಾಡಿದೆ.

ಹೀಗೆ ಎರಡು ವರ್ಷ ಬಂದರು. "ಯಜಮಾನ್ರೇ, ಅವತ್ತು ನಾನು..." ಎಂದು ಎಷ್ಟೋ ಸಲ ಬಾಯಿ ತೆರೆದೆ. "ಬುಡಿ ಅತ್ಲಾಗೆ. ನಿದ್ದೆ ಬಂತಾ?" ಎನ್ನುತ್ತಿದ್ದರು. ಅಷ್ಟೇ.

ಒಂದು ದಿನ ಬರಲಿಲ್ಲ. ಅವರ ಅಂಗಡಿ ಪಕ್ಕದ ಹೂವಿನವಳು ಬಂದು, ಬೆಳಿಗ್ಗೆ ಎದೆನೋವಿನಲ್ಲಿ ಹೋಗಿಬಿಟ್ಟರೆಂದು ಬಾಗಿಲಲ್ಲೇ ಹೇಳಿದಳು. ನಾನು ಒಳಗೆ ಬಂದು ಬೆಂಕಿಪೊಟ್ಟಣ ತೆಗೆದೆ. ಕಣ್ಣು ಮಂಜಾಗಿ ಎರಡು ಮುಳ್ಳು ಹಾಳಾದವು. ಮೂರನೆಯದನ್ನು ನಿಧಾನವಾಗಿ ಹೆರೆದು, ಉಗುರಿನ ಮೇಲೆ ಎಳೆದು ನೋಡಿ, ಸಿಕ್ಕಿಸಿದೆ. ಕೀ ಕೊಟ್ಟು ಅಮ್ಮನ ಪಕ್ಕದಲ್ಲೇ ಕೂತೆ. ಎಷ್ಟೋ ವರ್ಷಗಳ ಮೇಲೆ ಅಕ್ಕನ ಹಾಡನ್ನು ಕೊನೆಯವರೆಗೂ ಕೇಳಿದೆ.

"ಯಜಮಾನ್ರು ಬಂದ್ರು ಅಂತ ಕಾಣುತ್ತೆ," ಎಂದಳು ಅಮ್ಮ, ಕಣ್ಣು ಮುಚ್ಚಿಕೊಂಡೇ.

ನಾನು ಹೂಂ ಎಂದೆ.