ನಿಂಬೆ ಉಪ್ಪು

ನಮ್ಮ ವಾರಪತ್ರಿಕೆಯ ಕಚೇರಿಗೆ ಬೇಸಿಗೆ ಬಂತೆಂದು ಗೊತ್ತಾಗುತ್ತಿದ್ದದ್ದು ಬಿಸಿಲಿನಿಂದಲ್ಲ, ತಂಪಮ್ಮನಿಂದ. ಹದಿನೆಂಟು ವರ್ಷ ಅಡುಗೆ ಪುಟದಲ್ಲಿ ಷರಬತ್ತು, ಸೌತೆಕಾಯಿ ಸೂಪು, ಕಲ್ಲಂಗಡಿ ಸಲಾಡು ಎಂದು ಬರೆದವಳಿಗೆ ನಾವಿಟ್ಟ ಹೆಸರು ಅದು. ಅವಳಿಗೆ ಅದು ಹೊಗಳಿಕೆಯಾಗಿ ಕೇಳಿಸುತ್ತಿತ್ತು, ಪಾಪ. ಕರಡು ತಿದ್ದುವ ನನಗೆ ಅವಳ ಅಡುಗೆಯ ಆಳ ಚೆನ್ನಾಗಿ ಗೊತ್ತಿತ್ತು. ಕಾಮಕಸ್ತೂರಿ ಬೀಜವನ್ನು ಎರಡು ದಿನ ನೆನೆಸಿ ಸಿಪ್ಪೆ ಸುಲಿಯಿರಿ ಎಂದು ಬರೆದ ಮಹಾತಾಯಿ ಅವಳು. ಸಾಸಿವೆಗಿಂತ ಸಣ್ಣ ಬೀಜ ಅದು.

ಆ ಸಿಪ್ಪೆ ಅಚ್ಚಾಗದಂತೆ ತಡೆದವಳು ಅವಳ ಓರಗಿತ್ತಿ, ಅಂದರೆ ಗಂಡನ ತಮ್ಮನ ಹೆಂಡತಿ. ಇಬ್ಬರದೂ ಒಂದೇ ಮನೆ, ಒಂದೇ ಒಲೆ. ಓರಗಿತ್ತಿ ಒಲೆಯ ಮುಂದೆ ಬೆವರುತ್ತಾ ಹೇಳುವಳು, ತಂಪಮ್ಮ ಫ್ಯಾನಿನ ಕೆಳಗೆ ಕೂತು ಬರೆದುಕೊಳ್ಳುವಳು. ಕೈ ಕೆಸರಾದರೆ ಬಾಯಿ ಮೊಸರು ಅನ್ನುತ್ತಾರೆ. ಆ ಮನೆಯಲ್ಲಿ ಕೈ ಒಬ್ಬಳದು, ಬಾಯಿ ಇನ್ನೊಬ್ಬಳದು.

ಅಚ್ಚಿಗೆ ಹೋಗುವ ಮುಂಚೆ ಓರಗಿತ್ತಿ ಬಟ್ಟೆಯ ಚೀಲ ಹಿಡಿದು ಬಂದು, ನನ್ನ ಮೇಜಿನ ಮೂಲೆಯಲ್ಲಿ ಕೂತು ಕರಡು ಓದುತ್ತಿದ್ದಳು. ಕಪ್ಪು ದ್ರಾಕ್ಷಿಯ ಷರಬತ್ತು ಬಂದಾಗಲೆಲ್ಲ ಒಂದೇ ಅಲ್ಪವಿರಾಮ ಹೊಡೆದು ಹಾಕುತ್ತಿದ್ದಳು. ತಂಪಮ್ಮ ಬರೆದಿರುತ್ತಿದ್ದದ್ದು ‘ನಿಂಬೆ, ಉಪ್ಪು’.

“ಇದು ಎರಡಲ್ಲ ಸರ್, ಒಂದೇ. ನಿಂಬೆ ಉಪ್ಪು ಅಂದ್ರೆ ಹರಳು, ದಿನಸಿ ಅಂಗಡೀಲಿ ಸಿಗುತ್ತೆ. ಉಪ್ಪಿನ ಹಾಗೆ ಕಾಣುತ್ತೆ, ಆದ್ರೆ ಬರೀ ಹುಳಿ. ಚಮಚದ ತುದೀಲಿ ಒಂಚೂರು ಸಾಕು” ಎಂದು ಹೇಳುವಳು. ಅಕ್ಕನಿಗೆ ಹೇಳಬಾರದೇ ಎಂದು ಕೇಳಿದರೆ, ಹೇಳಿದ್ದೀನಿ, ಅಕ್ಕ ಕೇಳಿಸಿಕೊಳ್ಳೋದಿಲ್ಲ ಎಂದು ನಗುವಳು. ಆ ನಗು ನೋಡಿದರೆ ನನಗೆ ಮೈಯುರಿಯುತ್ತಿತ್ತು. ಇಷ್ಟೊಂದು ಸೈರಣೆ ಮನುಷ್ಯರಿಗೆ ಒಳ್ಳೆಯದಲ್ಲ.

ಈ ವರ್ಷ ಪ್ರಕಾಶಕನೊಬ್ಬ ಎಲ್ಲವನ್ನೂ ಸೇರಿಸಿ ಪುಸ್ತಕ ಮಾಡುತ್ತೇನೆಂದು ಬಂದ. ಹದಿನೆಂಟು ವರ್ಷದಲ್ಲಿ ಏನನ್ನೂ ಕೇಳದ ಓರಗಿತ್ತಿ ಮೊದಲ ಸಲ ಅಕ್ಕನನ್ನು ಒಂದು ಮಾತು ಕೇಳಿದಳು. ಪುಸ್ತಕದ ಮೇಲೆ ತನ್ನ ಹೆಸರೂ ಇರಲಿ, ಚಿಕ್ಕ ಅಕ್ಷರದಲ್ಲಾದರೂ ಸರಿ. ತಂಪಮ್ಮ ಕರಡನ್ನು ನನ್ನ ಮೇಜಿನ ಮೇಲೆ ಹಾಕಿ, ಎರಡೆರಡು ಹೆಸರಿದ್ದರೆ ರಕ್ಷಾಪುಟ ಸಂತೆಯಂತೆ ಕಾಣುತ್ತದೆ, ಅದಕ್ಕೇ ಬೇಡವೆಂದೆ ಎಂದಳು. ನಾನು ತಲೆಯಾಡಿಸಿದೆ. ಬೈಯಬೇಕಿತ್ತು. ಬೈಯಲಿಲ್ಲ. ಅಂದಿನಿಂದ ಬಟ್ಟೆಯ ಚೀಲ ಕಚೇರಿಗೆ ಬರುವುದು ನಿಂತಿತು.

ಪುಸ್ತಕಕ್ಕೆ ಮುಂಚೆ ಪ್ರಚಾರವಾಗಲೆಂದು ಪ್ರಕಾಶಕ ಒಂದು ಸಭಾಂಗಣದಲ್ಲಿ ಷರಬತ್ತು ಮಾಡಿ ತೋರಿಸುವ ಕಾರ್ಯಕ್ರಮ ಇಟ್ಟ. ನೋಟುಪುಸ್ತಕ ಹಿಡಿದು ಎಂಬತ್ತು ಹೆಂಗಸರು ಬಂದರು. ಸಾಮಾನನ್ನೆಲ್ಲ ಡಬ್ಬಿಗಳಲ್ಲಿ ತುಂಬಿ ಚೀಟಿ ಅಂಟಿಸಿ ಕೊಟ್ಟವಳು ಓರಗಿತ್ತಿಯೇ. ಕೆಡಿಸುವ ಬುದ್ಧಿ ಇದ್ದಿದ್ದರೆ ಅವಳು ಎಂದೋ ಉದ್ಧಾರವಾಗಿರುತ್ತಿದ್ದಳು. ಕೊಟ್ಟು ಬಂದು ಹಿಂದಿನ ಸಾಲಿನಲ್ಲಿ ನನ್ನ ಪಕ್ಕ ಕೂತಳು.

ರೇಷ್ಮೆ ಸೀರೆಯ ತಂಪಮ್ಮ ದ್ರಾಕ್ಷಿ ರಸವನ್ನು ಹೂಜಿಗೆ ಸುರಿದಳು, ಸಕ್ಕರೆ ಪಾಕ ಬೆರೆಸಿದಳು. ‘ನಿಂಬೆ ಉಪ್ಪು’ ಎಂಬ ಡಬ್ಬಿ ತೆರೆದು, ಉಪ್ಪು ರುಚಿಗೆ ತಕ್ಕಷ್ಟು ಎನ್ನುತ್ತಾ ಮೂರು ಚಮಚ ತುಂಬಾ ಹಾಕಿದಳು. ನನ್ನ ಪಕ್ಕದವಳು ಅರ್ಧ ಎದ್ದು, ಮತ್ತೆ ಕೂತಳು.

ಮೊದಲ ಲೋಟ ಪ್ರಕಾಶಕನಿಗೆ. ಒಂದೇ ಗುಟುಕಿಗೆ ಇಂಗು ತಿಂದ ಮಂಗನಾದ. ಎರಡನೆಯದು ಮುಂದಿನ ಸಾಲಿನ ನಿವೃತ್ತ ಟೀಚರಿಗೆ. ಅವರು ಕಣ್ಣು ಮುಚ್ಚಿ ನುಂಗಿ, ಏನು ಹಾಕಿದಿರಿ ಎಂದು ಕೇಳಿದರು. ಉಪ್ಪು ಸ್ವಲ್ಪ ಜಾಸ್ತಿಯಾಯಿತೇನೋ ಎಂದಳು ತಂಪಮ್ಮ.

“ಇದು ಉಪ್ಪಲ್ಲಮ್ಮ. ಹದಿನೆಂಟು ವರ್ಷದಿಂದ ನೀವೇ ಬರೀತಿದ್ದೀರಲ್ಲ?”

ತಂಪಮ್ಮ ಹಿಂದಿನ ಸಾಲಿನತ್ತ ನೋಡಿದಳು. ಬೇಡ, ಕೂತಿರು ಎಂದು ನಾನು ಮನಸ್ಸಿನಲ್ಲೇ ಅಂದೆ. ಓರಗಿತ್ತಿ ಎದ್ದು ಮುಂದೆ ಹೋದಳು. ಹೂಜಿ ಚೆಲ್ಲಿ ತೊಳೆದು, ಉಳಿದ ದ್ರಾಕ್ಷಿ ಹಿಂಡಿ, ಚಮಚದ ತುದಿಯಷ್ಟು ಹರಳು ಹಾಕಿ, ಯಾಕೆ ಅಷ್ಟೇ ಸಾಕು ಎಂದು ಮೆಲ್ಲಗೆ ಹೇಳುತ್ತಾ ಹೋದಳು. ಎಂಬತ್ತು ಪೆನ್ನುಗಳು ಓಡಿದವು. ತಂಪಮ್ಮ ಮೈಕು ಎಳೆದುಕೊಂಡು, ಇವಳು ನಮ್ಮನೆಯಲ್ಲಿ ನನಗೆ ಕೈಜೋಡಿಸುತ್ತಾಳೆ ಎಂದಳು. ನಾಚಿಕೆಗೆ ಆ ಮನೆಯ ವಿಳಾಸವೇ ಗೊತ್ತಿರಲಿಲ್ಲ.

ಟೀಚರು ಅತ್ತ ತಿರುಗಿಯೂ ನೋಡಲಿಲ್ಲ. “ನಿಮ್ಮ ಹೆಸರೇನಮ್ಮ? ಮೇಲ್ಗಡೆ ಬರ್ಕೋತೀನಿ.”

ಓರಗಿತ್ತಿ ಸೆರಗಿಗೆ ಕೈ ಒರೆಸಿಕೊಂಡು ಹೆಸರು ಹೇಳಿದಳು. ಕೇಳಿಸಲಿಲ್ಲವೆಂದು ಯಾರೋ ಅಂದರು. ಇನ್ನೊಮ್ಮೆ ಗಟ್ಟಿಯಾಗಿ, ಅಕ್ಷರ ಬಿಡಿಸಿ ಹೇಳಿದಳು. ಸಭಾಂಗಣವೆಲ್ಲ ತಲೆ ತಗ್ಗಿಸಿ ಬರೆದುಕೊಂಡಿತು.

ನಾನೂ ಬರೆದುಕೊಂಡೆ. ಹದಿನೆಂಟು ಬೇಸಿಗೆ ನನ್ನ ಮೇಜಿನ ಮೂಲೆಯಲ್ಲಿ ಕೂತವಳ ಹೆಸರು ನನಗೆ ತಿಳಿದದ್ದು ಆಗಲೇ.