ಜುಬೇದಾಳ ಹದಿನಾಲ್ಕು ದಿನ

ಒಂದು ಸೈಕಲ್ಲಿನ ಮೇಲೆ ಎಷ್ಟು ಜನ ಕೂಡ್ರಬಹುದು ಎಂಬ ವಿಷಯದಲ್ಲಿ ಬ್ಯಾಡಗಿಯ ಗೋಣಿಚೀಲದ ವ್ಯಾಪಾರಿ ಸಲಾವುದ್ದೀನನಿಗೂ ಸೈಕಲ್ ಮಾಡಿದ ಕಂಪನಿಗೂ ಒಮ್ಮತವಿರಲಿಲ್ಲ. ಮುಂದಿನ ದಂಡದ ಮೇಲೆ ಒಂಬತ್ತು ವರ್ಷದ ಮಗಳು ಶಾಹೀನಾ, ಹಿಂದಿನ ಕ್ಯಾರಿಯರ್ ಮೇಲೆ ಹೆಂಡತಿ ಜುಬೇದಾ, ಅವಳ ತೊಡೆಯ ಮೇಲೆ ಆರು ವರ್ಷದ ಮಗ ಚಮನ, ಹ್ಯಾಂಡಲ್ಲಿಗೆ ರೊಟ್ಟಿಯ ಗಂಟು. 1988ರ ಬೇಸಿಗೆಯಲ್ಲಿ ಪ್ರತಿ ರವಿವಾರ ಮುಂಜಾನೆ ಈ ದಿಬ್ಬಣ ಕಾಗಿನೆಲೆ ರಸ್ತೆ ಹಿಡಿದು ಹೊರಟರೆ, ಚಹಾದಂಗಡಿಯ ಮುಂದೆ ಕುಳಿತವರು ಗಾಲಿ ಯಾವಾಗ ಕೂಡ್ರುತ್ತದೆಂದು ಕಾಯುತ್ತಿದ್ದರು. ಬ್ಯಾಡಗಿಯವರಿಗೆ ಕಾಯುವುದು ಹೊಸದಲ್ಲ. ಮೆಣಸಿನಕಾಯಿಯ ಧಾರಣೆಗೆ ಕಾದವರು ಗಾಲಿಗೆ ಕಾಯಲಾರರೇ?

"ಸಾಬ್ರ, ಈ ಲೋಡು ಎಲ್ಲಿಗ್ರಿ?" ಎಂದು ಯಾರೋ ಕೇಳುತ್ತಿದ್ದರು.

"ಹವಾ ತಗೊಳ್ಳಾಕ ಹೊಂಟೇವಿ."

"ಊರಾಗಿನ ಹವಾ ಸಾಲವಲ್ದೇನು?"

"ಊರಾಗಿಂದ ಖಾರ ಹೆಚ್ಚಾತು," ಎನ್ನುತ್ತಿದ್ದವಳು ಜುಬೇದಾ. ಗಂಡ ಪೆಡಲ್ ತುಳಿಯುತ್ತಿದ್ದುದರಿಂದ ಮಾತಾಡುವಷ್ಟು ಉಸಿರು ಅವನಲ್ಲಿ ಇರುತ್ತಿರಲಿಲ್ಲ.

ಈ ಹೊರಡುವಿಕೆ ಮೋಜಿಗಾಗಿ ಶುರುವಾದದ್ದಲ್ಲ. ಮೆಣಸಿನಕಾಯಿಯ ಸುಗ್ಗಿಯಲ್ಲಿ ಬ್ಯಾಡಗಿಯಲ್ಲಿ ಎಲ್ಲರೂ ಕೆಮ್ಮುತ್ತಾರೆ. ಕೆಮ್ಮದವನನ್ನು ಪರವೂರಿನವನೆಂದು ತಿಳಿಯುವುದು ವಾಡಿಕೆ. ಚಮನನದೂ ಅಂಥದೇ ಎಂದು ಮೊದಲು ಯಾರೂ ಲಕ್ಷ್ಯ ಕೊಡಲಿಲ್ಲ. ಆ ವರ್ಷ ಮಾತ್ರ ಕೆಮ್ಮು ಉಬ್ಬಸಕ್ಕೆ ತಿರುಗಿತು. ಹುಡುಗನ ಎದೆಯೊಳಗೆ ಯಾರೋ ಸಣ್ಣ ಪೀಪಿ ಊದಿದ ಹಾಗೆ ಸದ್ದು. ರಾಣೆಬೆನ್ನೂರಿನ ಡಾಕ್ಟರು ತಪಾಸಣೆ ಮಾಡಿ, "ಘಾಟಿನಿಂದ ದೂರ ಇಡ್ರಿ. ಬಯಲಿನ ಹವಾ ಸಿಗಲಿ, ಓಡಲಿ, ಆಡಲಿ, ಎದಿ ಗಟ್ಟಿ ಆಕ್ಕೇತಿ," ಎಂದರು.

ಜೊತೆಗೆ ಹೋಗಿದ್ದ ಅತ್ತೆ ಬಿಸ್ಮಿಲ್ಲಾಬಿ ಇದರಲ್ಲಿ 'ದೂರ' ಎಂಬುದನ್ನಷ್ಟೇ ಎತ್ತಿಕೊಂಡರು. ಬಸ್ಸು ಬ್ಯಾಡಗಿ ಮುಟ್ಟುವುದರೊಳಗೆ ಆ ದೂರಕ್ಕೆ ಒಂದು ಊರು, ಒಂದು ಮನೆ ಗೊತ್ತಾಗಿತ್ತು. ಗುತ್ತಲದಲ್ಲಿ ಅವರ ಹಿರಿಯ ಮಗಳು ಅಕ್ಬರಬಿ ಇದ್ದಳು. ಅವಳಿಗೆ ಮಕ್ಕಳಿಲ್ಲ. ಹುಡುಗ ಅಲ್ಲೇ ಬೆಳೆಯಲಿ, ಅಲ್ಲೇ ಶಾಲೆಗೆ ಹೋಗಲಿ.

ಬಿಸ್ಮಿಲ್ಲಾಬಿ ಕೆಟ್ಟ ಹೆಂಗಸಲ್ಲ. ಅವರ ಗಂಡ ಚಮನಸಾಬ ಇದೇ ಉಬ್ಬಸದಲ್ಲಿ ಹೋದವನು. ಮೊಮ್ಮಗನಿಗೆ ಅಜ್ಜನ ಹೆಸರಿಟ್ಟಾಗ ಅಜ್ಜನ ಎದೆಯೂ ಬಂದೀತೆಂದು ಅವರು ಎಣಿಸಿರಲಿಲ್ಲ. ಆ ಸದ್ದು ಕೇಳಿದಾಗಲೆಲ್ಲ ಅವರ ಕೈ ತಸಬಿಯ ಮಣಿಗಳ ಮೇಲೆ ಬಿರುಸಾಗಿ ಓಡುತ್ತಿತ್ತು.

ಆ ಮನೆಯಲ್ಲಿ ಒಳಗೆ ಉರ್ದು, ಓಣಿಯಲ್ಲಿ ಕನ್ನಡ, ಜಗಳಕ್ಕೆ ಎರಡೂ. ಅಂದು ಜಗಳ ಪೂರ್ತಿ ಕನ್ನಡದಲ್ಲೇ ನಡೆಯಿತು, ಓಣಿಗೂ ತಿಳಿಯಲಿ ಎಂದು ಇರಬೇಕು.

"ನನ್ನ ಮಗನ್ನ ನಾ ಕೊಡಂಗಿಲ್ರಿ ಅಮ್ಮಾ," ಎಂದಳು ಜುಬೇದಾ. "ಡಾಕ್ಟರ ಬಯಲಿನ ಹವಾ ಅಂದಾರ. ಬ್ಯಾಡಗಿ ಸುತ್ತ ಬಯಲ ಬಿಟ್ಟು ಮತ್ತೇನೈತಿ? ನಾ ಕರಕೊಂಡ ಹೋಗತೇನಿ. ಶಾಲಿ ಶುರು ಆಗೂತನಕ ನನಗ ಬಿಡ್ರಿ."

"ಬಿಟ್ಟೆ," ಎಂದರು ಬಿಸ್ಮಿಲ್ಲಾಬಿ. "ಎರಡು ವಾರ. ಹದಿನಾಕು ದಿನ ಒಂದ ಸವನ ದಮ್ಮು ಬರಲಾರದ ಇರಲಿ, ಆಮ್ಯಾಲೆ ನಾ ಗುತ್ತಲದ ಹೆಸರ ಎತ್ತಂಗಿಲ್ಲ. ದಿನಾ ಸಂಜೀಕೆ ಎದೀಗೆ ಕಿವಿ ಇಟ್ಟು ನಾನ ಕೇಳತೇನಿ. ನಿನ್ನ ಮಾತ ನಂಬಂಗಿಲ್ಲ."

ಮಾಲು ಒಡೆದು ನೋಡದೆ ಯಾರೂ ಒಪ್ಪಿಕೊಳ್ಳದ ಊರು ಅದು. ಜುಬೇದಾ ಒಪ್ಪಿದಳು.

ಅಂದಿನಿಂದ ಆ ಮನೆಗೆ ಕಾಲು ಬಂತು. ವಾರದ ದಿನ ಹೊತ್ತು ಮೂಡುವ ಮೊದಲೇ ಜುಬೇದಾ ಎರಡೂ ಮಕ್ಕಳ ಕೈ ಹಿಡಿದು ರೈಲು ಹಳಿಯ ಆಚೆಯ ಹೊಲಗಳತ್ತ ನಡೆಯುತ್ತಿದ್ದಳು. ಬದುವಿನ ಮೇಲೆ ಓಟ, ಬೇವಿನ ಗಿಡ ಹತ್ತುವುದು, ಹತ್ತಿದ ಮೇಲೆ ಇಳಿಯಲು ಬಾರದೆ ಅಳುವುದು. ರವಿವಾರ ಗುಡದಪ್ಪನ ಬಾವಿ.

ಗುಡದಪ್ಪ ಕಾಗಿನೆಲೆ ದಾರಿಯಲ್ಲಿ ಮೂರು ಮೈಲಿಯಾಚೆ ಹೊಲ ಇದ್ದ ರೈತ. ಸಲಾವುದ್ದೀನನ ಹಳೆಯ ಗಿರಾಕಿ. ಅವನ ಬಾವಿಗೆ ತಳದವರೆಗೂ ಇಳಿಯಲು ಕಲ್ಲಿನ ಪಾವಟಿಗೆಗಳಿದ್ದವು. ಸುತ್ತಲಿನ ಅರ್ಧ ಊರು ಅಲ್ಲೇ ಈಸು ಕಲಿತಿತ್ತು. ಅವನ ಕಲಿಸುವ ರೀತಿ ಸರಳ. ಒಣಗಿದ ಕತ್ತಾಳೆಯ ಬೆಂಡಿನ ಐದು ತುಂಡುಗಳನ್ನು ಹಗ್ಗಕ್ಕೆ ಪೋಣಿಸಿ ಹುಡುಗರ ಬೆನ್ನಿಗೆ ಬಿಗಿಯುವುದು, ನೀರಿಗೆ ನೂಕುವುದು. ಬೆಂಡು ತೇಲಿಸುತ್ತದೆ, ಭಯ ಕೈಕಾಲು ಆಡಿಸುತ್ತದೆ. ಕೈಕಾಲು ಹದಕ್ಕೆ ಬಂದಂತೆ ಒಂದೊಂದೇ ಬೆಂಡು ಕಳಚುವುದು.

ಶಾಹೀನಾ ಮೂರನೆಯ ರವಿವಾರಕ್ಕೇ ಐದೂ ಬೆಂಡು ಕಳಚಿಸಿಕೊಂಡು ಕಪ್ಪೆಯಂತೆ ಓಡಾಡಿದಳು. ಚಮನನಿಗೆ ಇನ್ನೂ ಮೂರು ಉಳಿದಿದ್ದವು.

ಈಸಿ ದಣಿದ ಮೇಲೆ ಹುಣಸೆಯ ಗಿಡದ ಕೆಳಗೆ ಗೋಣಿಚೀಲ ಹಾಸಿ ರೊಟ್ಟಿ ಬಿಚ್ಚುತ್ತಿದ್ದರು. ಆ ಚೀಲ ಬಹಳ ದುಡಿಯುವ ಚೀಲ. ದಾರಿಯಲ್ಲಿ ಮಡಚಿ ಕ್ಯಾರಿಯರ್ ಮೇಲೆ ಹಾಕಿದರೆ ಜುಬೇದಾಳಿಗೆ ಗಾದಿ, ಗಿಡದ ಕೆಳಗೆ ಜಮಖಾನೆ, ಹುಡುಗರಿಗೆ ಮೈ ಒರೆಸಲು ಟಾವೆಲ್ಲು, ಚಮನ ಮಲಗಿದರೆ ಹೊದಿಕೆ.

ಫಜೀತಿ ಎಂದರೆ ಪ್ರತಿ ರವಿವಾರ ಸಂಜೆಯೇ ಪೀಪಿ ಶುರುವಾಗುತ್ತಿತ್ತು. ವಾರದಲ್ಲಿ ಆರು ದಿನ ಹೇಗೋ ದಾಟಿದ ಲೆಕ್ಕ ಏಳನೆಯ ದಿನ ಮತ್ತೆ ಸೊನ್ನೆಗೆ ಬರುತ್ತಿತ್ತು. ಬಿಸ್ಮಿಲ್ಲಾಬಿ ಮೊಮ್ಮಗನ ಎದೆಯಿಂದ ಕಿವಿ ಎತ್ತಿ, "ನಿನ್ನ ಬಯಲಿನ ಹವಾನ ಅವಗ ಹತ್ತಂಗಿಲ್ಲ. ನೀರಾಗ ಅದ್ದಿ ತರತೀರಿ, ದಮ್ಮು ಬರತೈತಿ. ಇದನ್ನ ತಿಳಕೊಳ್ಳಾಕ ಡಾಕ್ಟರ ಬೇಕೇನು?" ಎಂದರು. ಅದೇ ವಾರ ಅಕ್ಬರಬಿಗೆ ಕಾಗದವೂ ಹೋಯಿತು.

ಸಲಾವುದ್ದೀನ ಮೆಲ್ಲಗೆ ತಾಯಿಯತ್ತ ವಾಲತೊಡಗಿದ. "ಎರಡು ವಾರ ಬಾವಿ ಬಿಡೋಣೇನು?" ಎಂದ. ಅವನ ತೊಡೆಗಳಿಗೂ ಆ ವಿಚಾರ ಹಿಡಿಸಿತ್ತು.

"ಇನ್ನೊಂದು ರವಿವಾರ," ಎಂದಳು ಜುಬೇದಾ.

ಆ ರವಿವಾರ ಚಮನನ ಮೂರನೆಯ ಬೆಂಡು ಕಳಚಿತು. ಖುಷಿಗೆ ಅವನು ಹೊಡೆದ ಕಾಲಿಗೆ ಪಾವಟಿಗೆಯ ಮೇಲೆ ಕುಳಿತ ಜುಬೇದಾಳ ಮುಖವೆಲ್ಲ ನೀರಾಯಿತು. ಅವಳು ಮೇಲೆ ಬಂದು, ಕೈಗೆ ಸಿಕ್ಕ ಚೀಲದ ತುದಿಯಿಂದ ಕಣ್ಣು ಒರೆಸಿಕೊಂಡಳು. ಹುಡುಗರ ಮೈ ಒರೆಸಿ ಚೀಲ ಒದ್ದೆಯಾಗಿತ್ತು. ಒಂದು ಕ್ಷಣ ಏನೂ ಆಗಲಿಲ್ಲ. ಆಮೇಲೆ ಎರಡೂ ಕಣ್ಣಿಗೆ ಕೆಂಡ ಇಟ್ಟ ಹಾಗಾಯಿತು.

"ಏನಾತ ತಂಗಿ?" ಎಂದ ಗುಡದಪ್ಪ, ಕೊಡ ನೀರು ತಂದು. "ಬ್ಯಾಡಗಿಯವರಿಗೂ ಖಾರ ಹತ್ತತೈತೇನು? ನಮ್ಮಂಥ ರೈತರಿಗೆ ಅಷ್ಟ ಅಂತ ತಿಳದಿದ್ದೆ."

ಜುಬೇದಾ ಕಣ್ಣು ತೊಳೆದುಕೊಂಡು, ಒಣ ತುದಿ ಹಿಡಿದು ಚೀಲವನ್ನು ಬಿಸಿಲಿಗೆ ಒಮ್ಮೆ ಕೊಡವಿದಳು. ಬೆಳಕಿನಲ್ಲಿ ಸಣ್ಣ ಕೆಂಪು ಧೂಳು ನಿಧಾನವಾಗಿ ತೇಲಿ ಇಳಿಯಿತು. ಮೂರು ಮೈಲಿ ದೂರ ಬಂದು, ಬಯಲಿನ ನಡುವೆ, ಮಗನಿಗೆ ಅದನ್ನೇ ಹಾಸಿ ಅದನ್ನೇ ಹೊದಿಸಿದ್ದಳು. ನಾಲ್ವರ ಮೂಗಿನಲ್ಲಿ ಒಂದಕ್ಕೂ ವಾಸನೆ ಹತ್ತಿರಲಿಲ್ಲ. ವರ್ಷಗಟ್ಟಲೆ ಅದರಲ್ಲೇ ಇದ್ದ ಮೂಗಿಗೆ ಅದು ವಾಸನೆಯೇ ಅಲ್ಲ.

"ಇದು ಯಾವ ಚೀಲರಿ?" ಎಂದು ಗಂಡನನ್ನು ಕೇಳಿದಳು.

"ನಮ್ಮ ಬ್ಯಾಡಗಿ ಮೆಣಸಿನಕಾಯಿ ತುಂಬಿದ್ದು," ಎಂದ ಸಲಾವುದ್ದೀನ. "ಹುಡುಗ್ರ ಸಲುವಾಗಿ ಆರಿಸಿ ತಂದೇನಿ, ಮೂರು ಸಲ ಝಾಡ್ಸೇನಿ. ಬ್ಯಾಡಗಿ ಕಾಯೊಳಗ ಬಣ್ಣ ಐತಿ, ಖಾರ ಎಲ್ಲೈತಿ? ಕೂಸಿಗೆ ತಿನಿಸಿದ್ರೂ ಅಳಂಗಿಲ್ಲ."

"ಹಂಗಾರ ನೀವೂ ಕಣ್ಣಿಗೆ ಒತ್ತಿಕೊಳ್ರಿ."

ಗುಡದಪ್ಪ ನೋಡುತ್ತಿದ್ದ. ಊರಿನ ಮಾಲಿನ ಮರ್ಯಾದೆಯ ಪ್ರಶ್ನೆ. ಸಲಾವುದ್ದೀನ ಒದ್ದೆ ತುದಿಯನ್ನು ಕಣ್ಣಿಗೆ ಒತ್ತಿಕೊಂಡ. ಬಹಳ ಹೊತ್ತು ಹುಣಸೆಯ ಗಿಡದ ಕಡೆ ಮುಖ ಮಾಡಿ ನಿಂತ. ತಿರುಗಿದಾಗ ಗಲ್ಲದ ಮೇಲೆ ನೀರು ಹರಿಯುತ್ತಿತ್ತು.

"ಸ್ವಲ್ಪ ಗುಂಟೂರ ಕಾಯಿ ಕೂಡಿರಬೇಕು," ಎಂದ.

ಅಂದು ಜುಬೇದಾ ಬರೀ ಕಬ್ಬಿಣದ ಕ್ಯಾರಿಯರ್ ಮೇಲೆ ಮೂರು ಮೈಲಿ ಕುಳಿತು ಬಂದಳು. ಸಂಜೆ ಚಮನನಿಗೆ ಉಬ್ಬಸ ಬಂತು. ಮರುದಿನ ಬೆಳಿಗ್ಗೆ ಅವಳು ಕೈಗಾಡಿ ತರಿಸಿದಳು. ಪಡಸಾಲೆಯಲ್ಲಿ ಮಾಳಿಗೆಗೆ ಮುಟ್ಟುವ ಹಾಗೆ ಒಟ್ಟಿದ್ದ ವ್ಯಾಪಾರದ ಚೀಲಗಳೆಲ್ಲ ಅಂಗಡಿಗೆ ಹೊರಟವು. ಹರಿದ ಚೀಲಗಳನ್ನು ಮನೆಯಲ್ಲಿ ಕೂತು ಹೊಲಿಯುತ್ತಿದ್ದವಳು ಅವಳೇ. ದಬ್ಬಣವನ್ನೂ ಸುತಳಿಯ ಉಂಡೆಯನ್ನೂ ಗಾಡಿಯ ಮೇಲೆ ಇಟ್ಟಳು.

"ಮತ್ತ ಹೊಲಿಯೋರ್ಯಾರು?" ಎಂದ ಸಲಾವುದ್ದೀನ.

"ನಿಮಗೂ ಎರಡು ಕೈ ಅದಾವಲ್ಲ. ಅಂಗಡ್ಯಾಗ ಕೂತು ಹೊಲೀರಿ. ಸಂಜೀಕೆ ಹಿತ್ತಲಾಗ ಜಳಕಾ ಮಾಡಿ, ಬ್ಯಾರೆ ಅಂಗಿ ತೊಟ್ಟು ಒಳಗ ಬರ್ರಿ. ಹುಡುಗ್ರನ್ನ ಆಮ್ಯಾಲೆ ಎತ್ಕೊಳ್ರಿ."

"ದುಡದ ಬಂದ ಮಗ ಹಿತ್ತಲ ಬಾಗಲದಿಂದ ಬರಬೇಕಾತೇನು?" ಎಂದರು ಬಿಸ್ಮಿಲ್ಲಾಬಿ.

"ಹದಿನಾಕು ದಿನರಿ ಅಮ್ಮಾ. ನೀವ ಹೇಳೀರಿ."

ಪಡಸಾಲೆ ತೊಳೆದಾಗ ನೀರು ಮೂರು ಸಲ ಕೆಂಪಗೆ ಹರಿಯಿತು. ಚಾದರ, ದಿಂಬು, ಕಿಟಕಿಯ ಪರದೆ ಎಲ್ಲ ಹಿತ್ತಲಲ್ಲಿ ಒಗೆದು ಹಾಕಿದಳು. ಬೆಳಗಿನ ಓಟ ತಪ್ಪಲಿಲ್ಲ. ಸಂಜೆ ಅತ್ತೆಯ ಕಿವಿಯೂ ತಪ್ಪಲಿಲ್ಲ. ಒಂದು, ಎರಡು, ಮೂರು. ಏಳನೆಯ ದಿನ ರವಿವಾರ, ಬಾವಿಯಿಂದ ಬಂದ ಹುಡುಗನ ಎದೆಗೆ ಬಿಸ್ಮಿಲ್ಲಾಬಿ ಬಲಗಿವಿ ಇಟ್ಟರು. ನಂಬದೆ ಎಡಗಿವಿ ಇಟ್ಟರು. ಎದ್ದು ಹೋದರು. ಹತ್ತನೆಯ ದಿನ ಅವನು ಜೋರಾಗಿ ಕೆಮ್ಮಿದಾಗ ಮನೆಯೆಲ್ಲ ಓಡಿ ಬಂತು. ಕದ್ದು ತಿಂದ ಶೇಂಗಾ ಗಂಟಲಿಗೆ ಸಿಕ್ಕಿತ್ತು. ಅಂದು ಬೆನ್ನಿಗೆ ಎರಡು ಏಟು ಬಿದ್ದವು, ಒಂದು ಶೇಂಗಾ ಇಳಿಸಲು, ಒಂದು ಕದ್ದದ್ದಕ್ಕೆ.

ಹದಿಮೂರನೆಯ ದಿನ, ಶನಿವಾರ, ಹಾವೇರಿ ಬಸ್ಸಿನಿಂದ ಅಕ್ಬರಬಿ ಇಳಿದಳು. ಸೋಮವಾರ ಶಾಲೆ ಶುರು. ಗುತ್ತಲದ ಮಾಸ್ತರರೊಂದಿಗೆ ಅವಳು ಆಗಲೇ ಮಾತಾಡಿದ್ದಳು. ಕೈಯಲ್ಲೊಂದು ಬಟ್ಟೆಯ ಗಂಟಿತ್ತು, ಅದನ್ನು ಬಿಚ್ಚಲಿಲ್ಲ. ಬಂದವಳೇ ಚಮನನನ್ನು ತೊಡೆಯ ಮೇಲೆ ಕೂಡ್ರಿಸಿಕೊಂಡಳು.

ರವಿವಾರ ಮುಂಜಾನೆ ಸಲಾವುದ್ದೀನ ಹೆಂಡತಿಯನ್ನು ಹಿತ್ತಲಿಗೆ ಕರೆದ. "ಇವತ್ತೊಂದ ದಿನ ಹುಡುಗನ್ನ ಮನ್ಯಾಗ ಕುಂಡ್ರಿಸು. ಸಂಜೀಕೆ ಲೆಕ್ಕ ಮುಗೀತೈತಿ. ಬಾವಿ ಎಲ್ಲಿ ಓಡಿ ಹೋಗತೈತಿ?"

ವ್ಯಾಪಾರದ ದೃಷ್ಟಿಯಿಂದ ಇದು ಶಹಾಣೆ ಮಾತು.

"ಕುಂಡ್ರಿಸಿ ಇಟ್ಟುಕೊಂಡ್ರ ನಾಳೆ ಓಡಿದಾಗ ದಮ್ಮು ಬರತೈತಿ ಅಂತ ಅಮ್ಮಗ ಅನಸ್ತೈತಿ," ಎಂದಳು ಜುಬೇದಾ. "ನನಗೂ ಅನಸ್ತೈತಿ. ಅಮ್ಮನೂ ಬರಲಿ, ಅಕ್ಬರಬಿ ಆಪಾನೂ ಬರಲಿ. ಅವರ ಕಣ್ಣ ಮುಂದ ಈಸಲಿ."

ಗುಡದಪ್ಪನ ಎತ್ತಿನ ಚಕ್ಕಡಿ ಬಂತು. ಅತ್ತೆ, ನಾದಿನಿ ಅದರಲ್ಲಿ, ಉಳಿದ ನಾಲ್ವರು ಎಂದಿನಂತೆ ಸೈಕಲ್ಲಿನ ಮೇಲೆ.

ಚಮನನ ಬೆನ್ನಿಗೆ ಒಂದೇ ಬೆಂಡು ಉಳಿದಿತ್ತು. ಗುಡದಪ್ಪ ಅದನ್ನೂ ಕಳಚಿದ. ಹುಡುಗ ಅಜ್ಜಿಯ ಕಡೆ ನೋಡಿ, ಕೆಳಗಿನ ಪಾವಟಿಗೆಯಿಂದ ಹಾರಿದ. ಅರ್ಧ ಬಾವಿ ಚೆನ್ನಾಗಿ ಹೋದ. ನಟ್ಟನಡುವೆ ಬೆನ್ನು ಮುಟ್ಟಿ ನೋಡಿಕೊಂಡ. ಬೆಂಡಿಲ್ಲ ಎಂಬುದು ಆಗ ಅವನಿಗೆ ನೆನಪಾಯಿತು. ಕಾಲು ನಿಂತಿತು, ಬಾಯಿ ತೆರೆದು ಏದುಸಿರು ಬಿಡತೊಡಗಿದ.

"ದಮ್ಮು ಬಂತು, ತಗೀರಿ ಅವನ್ನ," ಎಂದು ಬಿಸ್ಮಿಲ್ಲಾಬಿ ಎದ್ದು ನಿಂತರು.

ಗುಡದಪ್ಪ ಹಾರಲು ಬಾಗಿದ. "ತಡೀರಿ ಅಣ್ಣಾರ," ಎಂದು ಜುಬೇದಾ ಸೆರಗು ಸೊಂಟಕ್ಕೆ ಸಿಕ್ಕಿಸಿ, ಸೀರೆಯಲ್ಲೇ ನೀರಿಗಿಳಿದಳು. ತುಂಗಭದ್ರೆಯ ದಂಡೆಯ ಊರಲ್ಲಿ ಬೆಳೆದವಳು ಅವಳು. ಮದುವೆಯಾಗಿ ಹನ್ನೊಂದು ವರ್ಷದಲ್ಲಿ ಈಸು ಬರುತ್ತದೆಯೇ ಎಂದು ಅವಳನ್ನು ಯಾರೂ ಕೇಳಿರಲಿಲ್ಲ. ನಾಲ್ಕು ಬೀಸಿಗೆ ಮಗನ ಪಕ್ಕದಲ್ಲಿದ್ದಳು.

"ಅಮ್ಮಾ, ಹಿಡಿ."

"ಹಿಡಿಯಂಗಿಲ್ಲ. ಬಾಜೂಕ ಅದೇನಿ ನೋಡು. ಬಾಯಿ ಮುಚ್ಚು, ಮೂಗಿಲೆ ಉಸರ ತಗೋ. ಕಾಲ ಬಡಿ."

"ಬರಂಗಿಲ್ಲ."

"ಇಲ್ಲೀತನಕ ಯಾರ ತಂದ್ರು ನಿನ್ನ? ಬಡಿ."

ಬಡಿದ. ಅವಳು ಒಂದು ಗೇಣು ದೂರದಲ್ಲಿ, ಮುಟ್ಟದೆ, ಜೊತೆಗೇ ಹೋದಳು. ಎದುರಿನ ಕಲ್ಲು ಅವನ ಕೈಗೆ ಸಿಕ್ಕಿತು. ದಂಡೆಯ ಮೇಲೆ ಶಾಹೀನಾ ಚಪ್ಪಾಳೆ ತಟ್ಟಿ, ತಾನು ಇದಕ್ಕಿಂತ ಲಗೂ ದಾಟಿದ್ದನ್ನು ಎಲ್ಲರಿಗೂ ನೆನಪಿಸಿದಳು.

ಬಿಸ್ಮಿಲ್ಲಾಬಿ ನಡುಗುವ ಹುಡುಗನನ್ನು ಸೆರಗಿನಲ್ಲಿ ಸುತ್ತಿ ಎದೆಗೆ ಕಿವಿ ಇಟ್ಟರು. "ದಮ್ಮಲ್ಲ, ಅಂಜಿದ್ದು," ಎಂದರು ಕೊನೆಗೆ. "ಆದ್ರ ದಿನ ಇನ್ನೂ ಮುಗದಿಲ್ಲ."

ಸಂಜೆಯ ನಮಾಜು ಮುಗಿಸಿ ಅವರು ಮತ್ತೊಮ್ಮೆ ಕೇಳಿದರು, ಬಲಗಿವಿ, ಎಡಗಿವಿ. ಆಮೇಲೆ ಮಗಳತ್ತ ತಿರುಗಿ, "ನೀನೂ ಕೇಳು. ನಾಳೆ ತಪ್ಪು ನನ್ನ ಕಿವಿ ಮ್ಯಾಲೆ ಹಾಕಬ್ಯಾಡ," ಎಂದರು.

ಅಕ್ಬರಬಿ ಕಿವಿ ಇಟ್ಟಳು. ಕೇಳಲು ಬೇಕಾದುದಕ್ಕಿಂತ ಬಹಳ ಹೊತ್ತು ಇಟ್ಟಳು. ಚಮನ ಕಚಗುಳಿಗೆ ನಕ್ಕ ಮೇಲೆ ತಲೆ ಎತ್ತಿದಳು. "ಏನೂ ಇಲ್ಲ," ಎಂದಳು. ಗಂಟು ಬಿಚ್ಚಿ ಜುಬೇದಾಳ ಮುಂದೆ ಇಟ್ಟಳು. ಕೈಯಿಂದ ಹೊಲಿದ ಮೂರು ಅಂಗಿ, ಎರಡು ಚಡ್ಡಿ. "ಬೆಳಿಯೂ ಹುಡುಗ ಅಂತ ದೊಡ್ಡೂ ಹೊಲದೇನಿ. ಇಟ್ಕೋ. ನಮ್ಮ ಮನ್ಯಾಗ ಯಾರಿಗೆ ಬರತಾವ?"

ಜುಬೇದಾ ಒಂದು ಅಂಗಿಯನ್ನು ಮಗನ ಮೈಗೆ ಹಿಡಿದು ನೋಡಿದಳು. ಮೊಣಕಾಲಿಗೆ ಬಂತು.

"ಇದನ್ನ ತೊಟ್ಟು ಬರೂ ರವಿವಾರ ಗುತ್ತಲಕ್ಕ ಬರತಾನ್ರಿ ಆಪಾ. ಬಾವಿ ಆತು, ಇನ್ನ ನಿಮ್ಮ ಕಡಿ ಹೊಳಿ ತೋರಿಸಬೇಕು ಇಬ್ಬರಿಗೂ. ಸಂಜೀತನಕ ನಿಮ್ಮ ಮನ್ಯಾಗ. ನೀವ ಉಣಿಸಿ ಕಳಸ್ರಿ."

ಅಕ್ಬರಬಿ ಸೆರಗಿನಿಂದ ಮೂಗು ಒರೆಸಿಕೊಂಡಳು. "ಸೈಕಲ್ ಮ್ಯಾಲೆ ಅಷ್ಟ ದೂರ?"

"ಬಸ್ಸಿಗೆ ಬರತೇವಿ," ಎಂದು ಸಲಾವುದ್ದೀನ ಎಲ್ಲರಿಗಿಂತ ಮೊದಲು ಹೇಳಿದ.

"ಹಂಗಾರ ನಾಕು ಮಂದೀಗೆ ಅಡಗಿ ಮಾಡತೇನಿ."

"ನಾಕ ಯಾಕ?" ಎಂದರು ಬಿಸ್ಮಿಲ್ಲಾಬಿ, ತಸಬಿ ಮಡಚಿಡುತ್ತ. "ಆವತ್ತ ಸಂಜೀಕೆ ಅವನ ಎದಿ ಯಾರ ಕೇಳೋರು? ಐದು ಅನ್ನು."