ಮಂಡಿಯಲ್ಲಿ ಕೂತ ಸುಣ್ಣ

ನನಗೆ ಬಂದಿರುವ ಕಾಯಿಲೆಯ ಹೆಸರನ್ನು ಒಂದೇ ಉಸಿರಿನಲ್ಲಿ ಹೇಳಲು ಕಲಿತ ದಿನ ಅರ್ಧ ನೋವು ಇಳಿದ ಹಾಗಾಯಿತು. ನ್ಯಾಮತಿ ಬಸ್ಸಿನಲ್ಲಿ ನಿಂತು "ಮಂಡಿನೋವು" ಎಂದರೆ ಯಾರೂ ಅಲ್ಲಾಡುವುದಿಲ್ಲ. "ಯಾರಿಗಿಲ್ಲ ಬಿಡ್ರಿ ಸಾರ್" ಎನ್ನುತ್ತಾರೆ. ಅದೇ "ಕ್ಯಾಲ್ಸಿಯಂ ಪೈರೋಫಾಸ್ಫೇಟ್ ಹರಳು ಕಟ್ಟೈತೆ" ಎಂದು ನೋಡಿ! ಕಿಟಕಿ ಪಕ್ಕದವನೇ ಗಾಬರಿಯಾಗಿ ಎದ್ದು "ಕುಂದ್ರಿ ಸಾರ್, ಕುಂದ್ರಿ" ಎಂದು ಸೀಟು ಬಿಡುತ್ತಾನೆ. ದೊಡ್ಡ ಹೆಸರಿಗೆ ನಮ್ಮ ಜನ ಕೊಡುವ ಮರ್ಯಾದೆಯೇ ಬೇರೆ.

ಒಂದು ಬೆಳಗ್ಗೆ ಏಳುವಷ್ಟರಲ್ಲಿ ಬಲಮಂಡಿ ಕುಂಬಳಕಾಯಿಯಾಗಿತ್ತು. ಮುಟ್ಟಿದರೆ ಕಾದ ಹೆಂಚು. ಗೌಟ್ ಇರಬಹುದೆಂದು ನಾನೇ ತೀರ್ಮಾನಿಸಿ ಒಳಗೊಳಗೇ ಹೆಮ್ಮೆಪಟ್ಟೆ. ಹಿಂದೆ ಅದನ್ನು ರಾಜರ ರೋಗ ಎನ್ನುತ್ತಿದ್ದರಂತೆ. ಊರಿನ ಡಾಕ್ಟರು ಎಕ್ಸ್‌ರೇ ಹಿಡಿದು, ಎರಡು ಮೂಳೆಗಳ ನಡುವಿನ ಬಿಳಿ ಗೆರೆ ತೋರಿಸಿ, "ಇದು ಗೌಟ್ ಅಲ್ಲ ಮೇಷ್ಟ್ರೇ, ಗೌಟ್ ಥರ ನಟಿಸೋದು. ಕ್ಯಾಲ್ಸಿಯಂ ಕೂತೈತೆ" ಎಂದರು. ರಾಜರೋಗದಲ್ಲೂ ನನಗೆ ಸಿಕ್ಕಿದ್ದು ನಕಲಿ ಮಾಲು.

ಸುದ್ದಿ ಕೇಳಿ ಜಗಳೂರಿನಿಂದ ನಮ್ಮಕ್ಕ ಬಂದಳು. ಎಕ್ಸ್‌ರೇಯನ್ನು ಬೆಳಕಿಗೆ ಹಿಡಿದು ನೋಡಿದವಳೇ ತೀರ್ಪು ಕೊಟ್ಟಳು. "ಲೋ ತಮ್ಮಾ, ಕ್ಯಾಲ್ಸಿಯಂ ಅಂದ್ರೆ ಸುಣ್ಣ ಅಲ್ಲೇನೋ? ಇಷ್ಟು ವರ್ಷ ಎಲೆಗೆ ಹಚ್ಚಿ ತಿಂದ ಸುಣ್ಣ ಎಲ್ಲಿಗೆ ಹೋಗ್ಬೇಕು? ಇಳಿದಿಳಿದು ಮಂಡೀಲಿ ಕುಂತೈತೆ. ನಮ್ಮೂರ ಬೋರ್ ನೀರು ಕಾಯ್ಸಿ ಕಾಯ್ಸಿ ಹಂಡೆ ತಳದಾಗೆ ಬೆಳ್ಳಗೆ ಕಟ್ಟಲ್ವಾ? ಹಂಗೇ ಇದೂ."

ನಾನು ನಿವೃತ್ತ ವಿಜ್ಞಾನ ಮೇಷ್ಟ್ರು. ಎದುರು ಮಾತಾಡಬೇಕಿತ್ತು. ಆದರೆ ಸುಣ್ಣವೆಂದರೆ ಕ್ಯಾಲ್ಸಿಯಂ ಹೈಡ್ರಾಕ್ಸೈಡ್ ಎಂದು ಹೊನ್ನಾಳಿಯ ಅರ್ಧ ಊರಿಗೆ ಪಾಠ ಮಾಡಿದವನೂ ನಾನೇ. ಹಂಡೆಯ ಉದಾಹರಣೆಯಂತೂ, ದೇವರಾಣೆ, ನನಗೂ ಸರಿಯೆನಿಸಿಬಿಟ್ಟಿತು. ನನ್ನ ಹೆಂಡತಿ ಗಿರಿಜಾ ಆಗಿಂದಾಗಲೇ ಸುಣ್ಣದ ಡಬ್ಬಿಯನ್ನು ಅಟ್ಟಕ್ಕೇರಿಸಿದಳು. ಅಕ್ಕ ಹಾಲು, ಮೊಸರು, ರಾಗಿಮುದ್ದೆಗೂ ಕತ್ತರಿ ಹಾಕಿ, ಸಮಾಧಾನದಿಂದ ಊರಿಗೆ ಹೋದಳು.

ಹಾಲು ಮೊಸರು ಹೋದದ್ದಕ್ಕೆ ನಾನು ಅಳಲಿಲ್ಲ. ಸುಣ್ಣವಿಲ್ಲದ ಎಲೆ-ಅಡಿಕೆ ಮಾತ್ರ ಬಾಯಿಗಿಟ್ಟರೆ ಸೊಪ್ಪು ಮೇದ ಹಾಗಾಗುತ್ತಿತ್ತು. ಸುಣ್ಣದ ಕ್ಷಾರ ತಾಗದೆ ಅಡಿಕೆ ಕೆಂಪಗಾಗುವುದೂ ಇಲ್ಲ, ಇದೂ ವಿಜ್ಞಾನವೇ. ನಾಲ್ಕು ದಿನ ಅಗಿದು ಅದನ್ನೂ ಬಿಟ್ಟೆವು. ಆಮೇಲೆ ಗೊತ್ತಾಯಿತು, ಮನೆಯಲ್ಲಿ ಏನೋ ನಿಂತುಹೋಗಿದೆ ಅಂತ. ಮಧ್ಯಾಹ್ನ ಊಟವಾದ ಮೇಲೆ ಗಿರಿಜಾ ನನ್ನ ಕುರ್ಚಿಯ ಪಕ್ಕ ಚಾಪೆ ಹಾಕಿ ಕೂತು, ಚನ್ನಗಿರಿಯ ತವರಿನಿಂದ ಬಂದ ಅಡಿಕೆ ಕತ್ತರಿಸಿ, ಎಲೆ ಮಡಿಸಿ ಕೊಡುತ್ತಿದ್ದಳು. ಮಗಳಿಗೆ ಗಂಡು ಗೊತ್ತುಮಾಡಿದ್ದು, ಎದುರುಮನೆಯವರೊಂದಿಗೆ ಜಗಳ ಬಿಟ್ಟಿದ್ದು, ಮತ್ತೆ ಹಿಡಿದದ್ದು, ಎಲ್ಲ ಆ ಹೊತ್ತಿನಲ್ಲೇ. ಈಗ ಆಕೆ ಉಂಡ ಕೈಯಲ್ಲೇ ಪಾತ್ರೆ ತಿಕ್ಕಲು ಹೋಗುತ್ತಿದ್ದಳು. ನಾನು ಫ್ಯಾನು ನೋಡುತ್ತ ಕೂರುತ್ತಿದ್ದೆ. ಮಂಡಿಯ ಊತ ಇಳಿದರೂ ಈ ಬೇಜಾರು ಇಳಿಯಲಿಲ್ಲ.

ಕೊನೆಗೆ ತಡೆಯಲಾರದೆ ಗಿರಿಜಾಳನ್ನು ಹೊರಡಿಸಿಕೊಂಡು ಶಿವಮೊಗ್ಗದ ಕೀಲಿನ ಡಾಕ್ಟರ ಬಳಿಗೆ ಹೋದೆ. ಹೇಳಿದ್ದು ಮಂಡಿಗೆ ಅಂತ, ಹೋದದ್ದು ಸುಣ್ಣಕ್ಕೆ ಪರ್ಮಿಟ್ ಕೇಳಲು. ಹುಡುಗಿಯಂಥ ಡಾಕ್ಟರಮ್ಮ ಮಂಡಿಯಲ್ಲಿ ಉಳಿದಿದ್ದ ನೀರನ್ನು ಸೂಜಿಯಲ್ಲಿ ಎಳೆದು ಸೂಕ್ಷ್ಮದರ್ಶಕದಲ್ಲಿ ನೋಡಿಸಿದರು. ಕಲ್ಲುಸಕ್ಕರೆಯ ಚೂರಿನಂಥ ಹರಳುಗಳಂತೆ. ಅಕ್ಕನ ಹಂಡೆಯ ಸಿದ್ಧಾಂತ ಕೇಳಿ ಬಾಯಿ ಮುಚ್ಚಿಕೊಂಡು ನಕ್ಕರು.

"ತಿನ್ನೋ ಸುಣ್ಣಕ್ಕೂ ಇದಕ್ಕೂ ಸಂಬಂಧ ಇಲ್ಲ ಸಾರ್. ವಯಸ್ಸಾದ ಮೇಲೆ ಕೀಲಿನ ಮೃದ್ವಸ್ಥೀಲಿ ಈ ಹರಳು ತಾನಾಗೇ ಕಟ್ತದೆ. ಹಾಲು, ಮೊಸರು, ಮುದ್ದೆ ಎಲ್ಲ ಉಣ್ರಿ."

"ಎಲೆ-ಅಡಿಕೆ?" ಎಂದೆ, ಕುರ್ಚಿಯ ಅಂಚಿಗೆ ಜರುಗಿ.

"ಮಂಡಿ ಕಡೆಯಿಂದ ಅಡ್ಡಿ ಇಲ್ಲ. ಬಾಯಿ ಕಡೆಯಿಂದ ಐತೆ. ಅಡಿಕೆ ಅಗಿದ್ರೆ ಬಾಯಿ ಕ್ಯಾನ್ಸರ್ ಬರ್ತದೆ. ಬಿಟ್ಟೀರಲ್ಲ, ಮತ್ತೆ ಹಿಡೀಬೇಡ್ರಿ."

ದೇವರು ವರ ಕೊಟ್ಟರೂ ಪೂಜಾರಿ ಕೊಡ ಎಂಬುದು ಇದಕ್ಕೇ. ಬಸ್ಸಿನಲ್ಲಿ ಗಿರಿಜಾಳ ಮುಂದೆ ಗೊಣಗಿದೆ. "ಮುಗೀತು ಬಿಡು. ಇನ್ನೇನೈತೆ ಮಧ್ಯಾಹ್ನಕ್ಕೆ?"

ಆಕೆ ಹೇಳಿದಳು. "ನಿಮಗೆ ಸುಣ್ಣದ ಚಿಂತೆ ಕಣ್ರೀ. ನಾನು ಎಲೆ ಮಡಿಸೋ ನೆಪದಾಗೆ ದಿನಾ ಒಂದು ಗಳಿಗೆ ಕುಂತ್ಕಂತಿದ್ದೆ. ಸುಮ್ನೆ ಕುಂತ್ರೆ ನಿಮಗೆ ನೀರು ನೆನಪಾಗ್ತದೆ, ಕನ್ನಡಕ ನೆನಪಾಗ್ತದೆ. ಕೈಯಾಗೆ ಎಲೆ ಇದ್ರೆ ಯಾರೂ ಎಬ್ಬಿಸ್ತಿರಲಿಲ್ಲ."

ಹೊನ್ನಾಳಿ ಬರುವವರೆಗೆ ನಾನು ದಿನಕ್ಕೆ ಎಷ್ಟು ಸಲ ನೀರು ಕೇಳುತ್ತೇನೆಂದು ಲೆಕ್ಕ ಹಾಕುತ್ತ ಕೂತೆ.

ಮರುದಿನ ಊಟವಾಯಿತು. ಆಕೆ ತಟ್ಟೆ ಎತ್ತಿಕೊಂಡು ಹೊರಟಳು. ನಾನು ಕುಂಟುತ್ತ ಹೋಗಿ ಚಾಪೆ ತಂದು ಹಾಸಿದೆ.

"ಗಿರಿಜಾ, ಬಾ ಇಲ್ಲಿ."

"ಏನು ಬೇಕಾಗಿತ್ತು?"

"ಏನೂ ಬೇಡ. ಸುಮ್ನೆ ಕೂತ್ಕ."

ಆಕೆ ತಟ್ಟೆ ಕೆಳಗಿಟ್ಟು ಹತ್ತಿರ ಬಂದಳು. ಒದ್ದೆ ಕೈಯನ್ನು ಸೆರಗಿಗೆ ಒರೆಸಿಕೊಂಡು ನನ್ನ ಹಣೆ ಮುಟ್ಟಿ ನೋಡಿದಳು. ಜ್ವರವಿಲ್ಲವೆಂದು ಖಾತ್ರಿಯಾದ ಮೇಲೆ ಕೂತಳು.